ಬಾಯಮ್ಮ ಕರೆದೊಯ್ದ ಮನೆಗಳು

ಮಣ್ಣು ಹಾಕುವ ಹೊತ್ತಿಗೆ ಪಾದ್ರಿಗಳು ಪುಸ್ತಕದಿಂದ ತಲೆಯೆತ್ತಿ, "ಮನೆಯವರು ಯಾರಿದ್ದೀರಿ? ಮುಂದೆ ಬನ್ನಿ" ಎಂದರು. ಯಾರೂ ಹೋಗಲಿಲ್ಲ. ಆಟಿ ತಿಂಗಳ ಮಳೆ ಹೊಯ್ಯುತ್ತಿತ್ತು. ಇಗರ್ಜಿಯ ಹಿಂದಿನ ಸಮಾಧಿ ಅಂಗಳದಲ್ಲಿ ಇದ್ದವರೇ ಬೆರಳೆಣಿಕೆಯಷ್ಟು ಜನ. ಅವರಲ್ಲಿ ತೀರಿಕೊಂಡವರನ್ನು ಸರಿಯಾಗಿ ಬಲ್ಲವರೆಂದರೆ ಉರ್ವದ ಕಲ್ಯಾಣಿ, ಬಂದರಿನ ಐಸಮ್ಮ, ಮತ್ತು ನಾನು. ಐಸಮ್ಮ ಗೋಡೆಯ ಪಕ್ಕ ಕೊಡೆ ಹಿಡಿದು ನಿಂತಿದ್ದಳು. ಕಲ್ಯಾಣಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಒಬ್ಬಳು ಬಿಲ್ಲವರವಳು, ಒಬ್ಬಳು ಮುಸಲ್ಮಾನ ಬ್ಯಾರಿಗಳವಳು, ನಾನು ಜನಿವಾರದವನು. ನಮ್ಮಲ್ಲಿ ಯಾರು ಆ ಕ್ರಿಸ್ತುವರ ಹೆಂಗಸಿನ ಮನೆಯವರು? ಕೊನೆಗೆ ಪಾದ್ರಿಗಳೇ ಮೊದಲ ಹಿಡಿ ಹಾಕಿದರು. ನನಗೆ ಅವರ ಮೇಲೆ ಸಿಟ್ಟು ಬಂತು. ಕೇಳಬಾರದ್ದೇನನ್ನೂ ಅವರು ಕೇಳಿರಲಿಲ್ಲ. ಆದರೂ ಬಂತು.

ನಮ್ಮ ಕಡೆ ಕ್ರಿಸ್ತುವರ ಹಿರಿಯ ಹೆಂಗಸರನ್ನು ಬಾಯಮ್ಮ ಎನ್ನುವುದು ರೂಢಿ. ತೀರಿಕೊಂಡವರನ್ನು ನಮ್ಮ ಕಾರ್ಖಾನೆಯಲ್ಲಿ ಎಲ್ಲರೂ ಹಾಗೆಯೇ ಕರೆಯುತ್ತಿದ್ದುದರಿಂದ ಅವರಿಗೆ ಬೇರೆ ಹೆಸರಿತ್ತು ಎನ್ನುವುದೇ ನಮಗೆ ಮರೆತುಹೋಗಿತ್ತು. ಘಟ್ಟದ ಮೇಲಿನಿಂದ ಬಂದ ಕಾಫಿಯನ್ನು ಒಣಗಿಸಿ, ಸಿಪ್ಪೆ ಬಿಡಿಸಿ, ಹೆಂಗಸರ ಕೈಯಲ್ಲಿ ಹೆಕ್ಕಿಸಿ ಹಡಗಿಗೆ ಹಾಕುವ ಕಾರ್ಖಾನೆ ಅದು. ಬೀಜ ಹೆಕ್ಕುವ ದೊಡ್ಡ ಕೋಣೆಗೆ ಹಾಲು ಎನ್ನುತ್ತಿದ್ದರು; ಆ ಹಾಲಿಗೆ ಬಾಯಮ್ಮ ಮೇಸ್ತ್ರಿ. ನಾನು ಅಲ್ಲಿಗೆ ಸೇರಿದ್ದು ಐವತ್ತರ ದಶಕದ ನಡುವಿನಲ್ಲಿ, ಹೈಸ್ಕೂಲು ಮುಗಿಸಿ, ಮೀಸೆ ಬರುವ ಮೊದಲೇ. ಹೆಕ್ಕಿದ ಬೀಜವನ್ನು ತೂಗಿ ಬರೆದುಕೊಳ್ಳುವುದು ನನ್ನ ಕೆಲಸ. ಅಷ್ಟಕ್ಕೇ ರೈಟರು ಎಂಬ ದೊಡ್ಡ ಹೆಸರು. ಹಾಲಿನ ತುಂಬ ಹೆಂಗಸರು, ನಡುವೆ ನಾನೊಬ್ಬ ಗಂಡು. ಅವರು ನನ್ನನ್ನು ಎಷ್ಟು ಗೋಳು ಹೊಯ್ದುಕೊಂಡರೆಂದು ಬರೆಯಹೊರಟರೆ ಬಾಯಮ್ಮನ ಕತೆ ಹಿಂದೆ ಬೀಳುತ್ತದೆ.

ಎತ್ತರದ, ಒಣಗಿದ ಮೈಯ ಹೆಂಗಸು. ಸೆರಗನ್ನು ಹೆಗಲ ಮೇಲೆ ಪಿನ್ನು ಹಾಕಿ ಬಿಗಿದಿರುತ್ತಿದ್ದರು. ಬೇಸಗೆಯಲ್ಲೂ ಕೈಯಲ್ಲಿ ಕಪ್ಪು ಕೊಡೆ. ಮೊರಗಳ ಸಾಲಿನ ನಡುವೆ ನಡೆಯುತ್ತ, ಯಾವಳ ರಾಶಿಯಿಂದಾದರೂ ಒಂದು ಹಿಡಿ ಎತ್ತಿ ಅಂಗೈಯಲ್ಲಿ ಹರಡಿ, ಕಪ್ಪು ಬೀಜ ಸಿಕ್ಕಿದರೆ ಅದನ್ನು ಮಾತಿಲ್ಲದೆ ಅವಳ ಕೈಗೆ ಕೊಡುತ್ತಿದ್ದರು. ಬೈಗುಳಕ್ಕಿಂತ ಅದು ಜೋರಾಗಿ ತಾಗುತ್ತಿತ್ತು. ಮದುವೆಯಾಗಿರಲಿಲ್ಲ. ಯಾಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಮಧ್ಯಾಹ್ನ ಹೆಂಗಸರು ಗುಂಪುಗುಂಪಾಗಿ ಬುತ್ತಿ ಬಿಚ್ಚುವಾಗ ಅವರು ನನ್ನ ತಕ್ಕಡಿಯ ಆಚೆ, ಕಿಟಕಿಯ ಕಡೆ ಮುಖ ಮಾಡಿ ನಿಂತು, ಒಂದು ಬನ್ನನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದರು. ಕೂತು ತಿಂದದ್ದನ್ನು ನಾನು ನೋಡಿಲ್ಲ.

ಗುಂಪುಗುಂಪಾಗಿ ಎಂದೆ. ಆ ಗುಂಪುಗಳನ್ನು ಯಾರೂ ಮಾಡಿದ್ದಲ್ಲ, ತಾವಾಗಿ ಆದದ್ದು. ಕೊಂಕಣಿ ಮಾತಾಡುವ ಕ್ರಿಸ್ತುವರ ಸಾಲು ಒಂದು ಕಡೆ, ತುಳುವರದು ಇನ್ನೊಂದು ಕಡೆ. ಕುಡಿಯುವ ನೀರಿಗೂ ಎರಡು ಮಣ್ಣಿನ ಕೊಡ. ಕೆಲಸ ಒಂದೇ, ಬೀಜ ಒಂದೇ, ಬಾಯಾರಿಕೆ ಮಾತ್ರ ಬೇರೆ ಬೇರೆ. ಹೀಗಿರುವಾಗ ಒಂದು ಜನವರಿಯಲ್ಲಿ ಐಸಮ್ಮ ಬಂದಳು. ನಮ್ಮ ಹಾಲಿಗೆ ಬಂದ ಮೊದಲ ಬ್ಯಾರ್ದಿ. ಗಂಡ ಮಂಜಿ ಎಂಬ ಹಾಯಿಹಡಗಿನಲ್ಲಿ ಸರಕು ಹೇರಿಕೊಂಡು ಹೋದವನು ಹಿಂದೆ ಬಂದಿರಲಿಲ್ಲ. ಮಂಜಿಯೂ ಬಂದಿರಲಿಲ್ಲ. ಎರಡು ಕೊಡಗಳಲ್ಲಿ ಯಾವುದೂ ಅವಳದಲ್ಲ. ಸೀಸೆಯಲ್ಲಿ ನೀರು ತರುತ್ತಿದ್ದಳು. ಅವಳ ಚಾಪೆಯ ಎರಡು ಬದಿಗೂ ಒಬ್ಬೊಬ್ಬರು ಕೂರುವಷ್ಟು ಜಾಗ ಖಾಲಿ ಉಳಿಯುತ್ತಿತ್ತು. ಯಾರೂ ಅವಳಿಗೆ ಒಂದು ಕೆಟ್ಟ ಮಾತು ಹೇಳಲಿಲ್ಲ. ಒಳ್ಳೆಯ ಮಾತೂ ಹೇಳಲಿಲ್ಲ.

ಬಾಯಮ್ಮ ಉಪದೇಶ ಮಾಡುವ ಜಾತಿಯಲ್ಲ. ಒಂದು ಮಧ್ಯಾಹ್ನ, ಊಟ ಮುಗಿದು ಎಲ್ಲರಿಗೂ ನಿದ್ದೆ ತೂಗುವ ಹೊತ್ತಿನಲ್ಲಿ, ಐಸಮ್ಮನ ಮೊರದ ಎದುರು ನಿಂತು ಇಡೀ ಹಾಲಿಗೆ ಕೇಳುವಂತೆ ಶುರು ಮಾಡಿದರು. ಹಾಲಿನ ಮಾತು ತುಳುವೇ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಐಸಮ್ಮ, ನಾನು ನಿನ್ನ ಮನೆಗೆ ಹೊರಟೆ ಅಂತ ಇಟ್ಟುಕೋ. ಬಂದರಿನಲ್ಲಿ ಇಳಿದೆ. ಇನ್ನು ಎಲ್ಲಿ ಬರುದು?"

ಐಸಮ್ಮನಿಗೆ ಗಾಬರಿ. "ನೀವಾ ಬಾಯಮ್ಮ? ನಮ್ಮಲ್ಲಿಗಾ?"

"ನಾನೇ. ದಾರಿ ಹೇಳು. ಕೈ ನಿಲ್ಲಿಸಬೇಡ."

ಅವಳು ಹೇಳಿದಳು. ಒಣಮೀನಿನ ಗೋದಾಮು ದಾಟಿ ಎಡಕ್ಕೆ, ಮೂಗು ಮುಚ್ಚಿಕೊಂಡು ಬರಬೇಕು, ಆಮೇಲೆ ನೀಲಿ ಬಾಗಿಲು. ಒಳಗೆ ಬಂದರೆ ಮೊದಲು ಎಂತ ಕೊಡುತ್ತೀ ಎಂದು ಬಾಯಮ್ಮ ಕೇಳಿದರು. ನೀರು, ಒಂದು ತುಂಡು ಬೆಲ್ಲ ಎಂದಳು. "ನಮ್ಮಲ್ಲೂ ಅದೇ ಅಲ್ವಾ" ಎಂದು ತುಳುವರ ಸಾಲಿನಿಂದ ಯಾರೋ ಅಂದರು. ಮನೆಯಲ್ಲಿ ಯಾರಿದ್ದಾರೆ ಎಂದರೆ ಅತ್ತೆ. ಅತ್ತೆ ದಿನಾ ಬೆಳಿಗ್ಗೆ ಎದ್ದು ಕಾಣದ ಮಗನನ್ನು ಬೈಯುತ್ತಾಳಂತೆ. ಬಿಸಿಲು ನೆತ್ತಿಗೆ ಬಂತು, ಇನ್ನೂ ಏಳಲಿಲ್ಲ, ನಿನ್ನೆ ಹೇಳಿದ ಉಪ್ಪು ತರಲಿಲ್ಲ ಎಂದು. "ನೀನು ಎಂತ ಹೇಳ್ತಿ ಆಗ?" ಎಂದು ಬಾಯಮ್ಮ ಕೇಳಿದರು. "ಎಂತ ಹೇಳುದು? ನಾನೇ ಹೋಗಿ ಉಪ್ಪು ತರ್ತೇನೆ" ಎಂದಳು ಐಸಮ್ಮ. ಮರುದಿನ ಕೆಲಸ ಶುರುವಾಗುತ್ತಲೇ ಕಲ್ಯಾಣಿ ತನ್ನ ಸಾಲಿನಿಂದ ಕತ್ತು ಚಾಚಿ ಕೂಗಿದಳು: "ಏ ಐಸಮ್ಮ, ನಿನ್ನ ಅತ್ತೆ ಇವತ್ತು ಎಂತ ಬೈದರು?" ಕೆಲವೇ ದಿನಗಳಲ್ಲಿ ಅವಳ ಚಾಪೆ ಐಸಮ್ಮನ ಚಾಪೆಗೆ ತಾಗಿತು.

ಅಲ್ಲಿಂದ ಅದು ಹಾಲಿನ ಪದ್ಧತಿಯಾಯಿತು. ನಿದ್ದೆಯ ಹೊತ್ತು ಬಂತೆಂದರೆ ಬಾಯಮ್ಮ ಒಬ್ಬಳ ಎದುರು ನಿಲ್ಲುತ್ತಿದ್ದರು, ಇಡೀ ಹಾಲು ಅವಳ ಮನೆಗೆ ಹೊರಡುತ್ತಿತ್ತು. ಒಬ್ಬರ ಮನೆಯ ಜಗಲಿ ಇನ್ನೊಬ್ಬರು ಹತ್ತದ, ಒಬ್ಬರ ಕೈಯ ನೀರು ಇನ್ನೊಬ್ಬರು ಕುಡಿಯದ ಹೆಂಗಸರು, ಒಬ್ಬರಿನ್ನೊಬ್ಬರ ಅಡಿಗೆಕೋಣೆಯಲ್ಲಿ ಉಪ್ಪಿನ ಮರಿಗೆ ಎಲ್ಲಿದೆ ಎನ್ನುವವರೆಗೆ ತಿಳಿದುಕೊಂಡರು. ನಿಯಮ ಒಂದೇ: ಹೇಳಿದರೆ ಸ್ವಂತ ಮನೆಯದ್ದು ಹೇಳಬೇಕು, ಇದ್ದದ್ದನ್ನೇ ಹೇಳಬೇಕು. ಯಾವಳಾದರೂ ಪಕ್ಕದ ಮನೆಯ ಸುದ್ದಿ ಎತ್ತಿದರೆ, "ಅದು ನಿನ್ನ ಬೇಲಿಯ ಆಚೆ. ಈಚೆ ಬಾ" ಎಂದು ಕಡಿದುಹಾಕುತ್ತಿದ್ದರು. ಬಿಳಿಯ ಮೆನೇಜರ್ ದೊರೆಗೆ ಇದು ಸರಿಬರಲಿಲ್ಲ, ಕೆಲಸದ ಹೊತ್ತಿನಲ್ಲಿ ಮಾತೇಕೆ ಎಂದ. ಬಾಯಮ್ಮ ತಮ್ಮ ಮುರುಕು ಇಂಗ್ಲಿಷಿನಲ್ಲಿ, ಬಾಯಿ ಮುಚ್ಚಿದರೆ ಕಣ್ಣೂ ಮುಚ್ಚುತ್ತದೆ, ಕಣ್ಣು ಮುಚ್ಚಿದರೆ ಕಪ್ಪು ಬೀಜ ನಿಮ್ಮ ದೇಶಕ್ಕೇ ಬರುತ್ತದೆ ಎಂದರಂತೆ. ದೊರೆ ಸುಮ್ಮನಾದ.

ಕಲ್ಯಾಣಿಯ ಮನೆಗೆ ಹೋದ ದಿನ ನನಗೆ ಚೆನ್ನಾಗಿ ನೆನಪಿದೆ. ಅವಳದು ಅಳಿಯಸಂತಾನದ ಕಟ್ಟು. ಮನೆ, ಜಾಗ ಎಲ್ಲ ಹೆಣ್ಣಿನ ಕಡೆಯಿಂದ ಇಳಿಯುತ್ತದೆ. ಯಜಮಾನಿಕೆ ಸೋದರಮಾವನದು. ಅಪ್ಪ ಎಂಬವರು ಅಲ್ಲಿ ಬಂದುಹೋಗುವ ನೆಂಟರ ಹಾಗೆ. ಕ್ರಿಸ್ತುವರ ಸಾಲಿನವರಿಗೆ ನಗುವೋ ನಗು. "ಹಾಗಾದರೆ ಅಪ್ಪನಿಗೆ ಸಿಟ್ಟು ಬಂದರೆ ಎಲ್ಲಿಗೆ ಹೋಗ್ತಾರೆ?" ಎಂದು ಒಬ್ಬಳು ಕೇಳಿದಳು. "ಅವರ ಅಕ್ಕನ ಮನೆಗೆ. ಅದು ಅವರ ಮನೆ ಅಲ್ವಾ" ಎಂದಳು ಕಲ್ಯಾಣಿ. ಎಲ್ಲರೂ ನಕ್ಕರು. ಬಾಯಮ್ಮ ನಗಲಿಲ್ಲ.

"ಮಗಳಿಗೆ ಮದುವೆ ಆಗದಿದ್ದರೆ?" ಎಂದರು.

"ಆಗದಿದ್ದರೆ ಎಂತ? ಮನೆಯಲ್ಲೇ ಇರ್ತಾಳೆ."

"ಮನೆಯಿಂದ ಏಳು ಅಂತ ಅವಳಿಗೆ ಯಾರೂ ಹೇಳುದಿಲ್ವಾ?"

"ಅವಳದೇ ಮನೆ ಬಾಯಮ್ಮ. ಅವಳಿಗೆ ಯಾರು ಏಳು ಅಂತ ಹೇಳುದು?"

ಬಾಯಮ್ಮ ಒಂದು ಹಿಡಿ ಬೀಜ ಎತ್ತಿಕೊಂಡರು. ಅಂಗೈಯಲ್ಲಿ ಹರಡದೆ ಹಾಗೆಯೇ ಹಿಡಿದುಕೊಂಡು ಸಾಲಿನ ಕೊನೆಯವರೆಗೆ ನಡೆದುಹೋದರು. ಆ ದಿನ ಮತ್ತೆ ಯಾರ ಬೀಜವನ್ನೂ ನೋಡಲಿಲ್ಲ. ಅವರಿಗೆ ಎಲ್ಲೋ ನೋವಾಗಿದೆ ಎಂದು ನನಗೆ ಅನಿಸಿತು, ಎಲ್ಲಿ ಎಂದು ತಿಳಿಯಲಿಲ್ಲ.

ನನ್ನ ಸರದಿಯೂ ಬಂತು. ತಪ್ಪಿಸಿಕೊಳ್ಳಲು ನೋಡಿದೆ, ಬಿಡಲಿಲ್ಲ. ಉಡುಪಿಯ ಆಚೆ ನಮ್ಮ ಮನೆ. ಹೇಳಿಕೊಳ್ಳುವಂಥದ್ದೇನೂ ಇಲ್ಲವೆಂದುಕೊಂಡು ದೊಡ್ಡಮ್ಮನ ಸುದ್ದಿ ಹೇಳಿದೆ. ಎಳೆಯ ವಯಸ್ಸಿನಲ್ಲೇ ಗಂಡ ಸತ್ತವಳು, ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಟ್ಟು ನಮ್ಮ ಮನೆಯ ಒಲೆಯ ಮುಂದೆಯೇ ಮುದುಕಿಯಾದವಳು. ಆಮೇಲೆ ನಾನು ಊರಿಗೆ ಹೋಗಿಬಂದಾಗಲೆಲ್ಲ ಐಸಮ್ಮ, "ರೈಟ್ರೆ, ದೊಡ್ಡಮ್ಮ ಹೇಗಿದ್ದಾರೆ?" ಎಂದು ಕೇಳುವಳು. ಇದನ್ನು ನಾನು ದೊಡ್ಡಮ್ಮನಿಗೆ ಹೇಳಿದೆ. "ನನ್ನನ್ನು ಕೇಳಿದ್ರಾ? ಹೆಸರು ಹಿಡಿದಾ?" ಎಂದಳು. ಬ್ಯಾರ್ದಿ ಎಂದು ತಿಳಿದರೆ ಮೀಯಲು ಓಡುತ್ತಾಳೇನೋ ಎಂದು ನನಗೆ ಒಳಗೊಳಗೇ ನಗು. ಅವಳು ಓಡಲಿಲ್ಲ. ನಾನು ಹೊರಡುವ ಹೊತ್ತಿಗೆ ಒಂದು ಸಣ್ಣ ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ ತಂದುಕೊಟ್ಟು, "ಆ ಹೆಂಗಸಿಗೆ ಕೊಡು. ಅವಳ ಗಂಡ ಬಂದನಾ ಅಂತ ಕೇಳಿಕೊಂಡು ಬಾ" ಎಂದಳು. ನಮ್ಮ ಮನೆಯಲ್ಲಿ ದೊಡ್ಡಮ್ಮನನ್ನು ಕೆಲಸಕ್ಕೆ ಕರೆಯುತ್ತಿದ್ದರೇ ಹೊರತು ಹೇಗಿದ್ದೀ ಎಂದು ಕೇಳಿದವರಿರಲಿಲ್ಲ. ಅದು ನನ್ನ ಕಣ್ಣಿಗೆ ಬೀಳಲು ಮಂಗಳೂರಿನ ಆ ಕಾಫಿ ಕಾರ್ಖಾನೆ ಬೇಕಾಯಿತು.

ಎಲ್ಲರ ಮನೆಗೂ ಹೋಗಿಯಾಯಿತು, ಬಾಯಮ್ಮನ ಮನೆ ಒಂದು ಬಿಟ್ಟು. ಕೇಳಿದರೆ ಒಂದು ವರ್ಷ ಸುಣ್ಣ ಬಳಿಯುತ್ತಿದ್ದಾರೆ ಎನ್ನುವರು, ಇನ್ನೊಂದು ವರ್ಷ ಮಾಡಿನ ಹಂಚು ಇಳಿಸಿದ್ದಾರೆ ಎನ್ನುವರು. "ಎಂತ ಮನೆ ಮಾರಾಯ್ರೆ ಅದು, ಅರಮನೆಯಾ?" ಎಂದು ಕಲ್ಯಾಣಿ ಚುಚ್ಚುವಳು. ಅವರು ಕೊಡೆಯ ತುದಿಯನ್ನು ನೆಲಕ್ಕೆ ಕುಟ್ಟಿ ಮುಂದೆ ಹೋಗುವರು.

ಮಳೆಗಾಲ ಹಿಡಿಯುವಾಗ ಸೀಸನ್ ಮುಗಿದು ಹಾಲಿಗೆ ಬೀಗ ಬೀಳುತ್ತಿತ್ತು. ಹೆಂಗಸರಿಗೆ ಮನೆ, ಗದ್ದೆ, ಮಕ್ಕಳು. ಕೂಲಿ ಹೋದ ಚಿಂತೆಯ ನಡುವೆಯೂ ಒಂದು ಖುಷಿ. ಬಾಯಮ್ಮನಿಗೆ ಮಾತ್ರ ಅದು ಕೆಟ್ಟ ದಿನ. ಸುತ್ತಿಟ್ಟ ಚಾಪೆಗಳ ನಡುವೆ ಸುಮ್ಮನೆ ನಡೆಯುತ್ತಿದ್ದರು, ಕಾವಲಿನವನು ಬೀಗ ಅಲ್ಲಾಡಿಸುವವರೆಗೂ. ಒಂದು ಜುಲೈಯಲ್ಲಿ ಉರ್ವ ಮಾರ್ಕೆಟಿನಲ್ಲಿ ಎದುರಾದರು. ಚೀಲದಲ್ಲಿ ಒಂದು ಬದನೆ, ಎರಡು ಹಸಿಮೆಣಸು. ನನ್ನನ್ನು ಕಂಡು ಅವರ ಮುಖ ಅರಳಿದ್ದನ್ನು ನೋಡಿ ನನಗೇ ನಾಚಿಕೆಯಾಯಿತು. ಅಷ್ಟು ಸಂತೋಷ ಪಡುವಂಥ ಮನುಷ್ಯ ನಾನಲ್ಲ. ಐಸಮ್ಮನ ಅತ್ತೆಯಿಂದ ಹಿಡಿದು ನನ್ನ ದೊಡ್ಡಮ್ಮನವರೆಗೆ ಒಬ್ಬೊಬ್ಬರನ್ನೂ ಕೇಳಿದರು. ಮಳೆಯಲ್ಲಿ ನಿಂತೇ ಕೇಳಿದರು. ನಿಮ್ಮ ಮನೆ ಇಲ್ಲೇ ಹತ್ತಿರವೋ ಎಂದಾಗ ಕೊಡೆಯನ್ನು ಯಾವುದೋ ದಿಕ್ಕಿಗೆ ಎತ್ತಿ ತೋರಿಸಿ, ಹೊತ್ತಾಯಿತು ಎಂದು ಹೊರಟರು.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಅವರಿಗೆ ನಿವೃತ್ತಿಯಾಯಿತು. ಕೊನೆಯ ದಿನ ಹೆಂಗಸರು ಮೊರ ಕೆಳಗಿಟ್ಟು ಕೂತುಬಿಟ್ಟರು. ಇವತ್ತು ನಿಮ್ಮ ಮನೆ, ಅಲ್ಲದಿದ್ದರೆ ಒಂದು ಬೀಜವನ್ನೂ ಮುಟ್ಟುವುದಿಲ್ಲ ಎಂದರು. ಬಾಯಮ್ಮ ಕಿಟಕಿಯ ಕಡೆ ತಿರುಗಿ ಹೇಳತೊಡಗಿದರು.

ವಾಮಂಜೂರಿನಲ್ಲಿ ಬಸ್ಸು ಇಳಿಯಬೇಕು. ಗದ್ದೆಯ ಬದುವಿನ ಹುಣಿಯಲ್ಲಿ ನಡೆದು ತೋಡಿಗೆ ಹಾಕಿದ ಅಡಿಕೆ ಮರದ ಸಂಕ ದಾಟಬೇಕು. ಮೆಟ್ಟಿಲು ಹತ್ತಿದರೆ ಎಡಕ್ಕೆ ಬಾವಿ, ಬಲಕ್ಕೆ ಹಲಸಿನ ಮರ. ಜಗಲಿಯ ಬೆಂಚಿನಲ್ಲಿ ಅಮ್ಮ ಕೂತಿರುತ್ತಾರೆ, ಯಾರು ಬಂದರೂ ಬೆಲ್ಲ ಕೊಡದೆ ಮಾತಾಡಿಸುವುದಿಲ್ಲ. ಚಾವಡಿಯಲ್ಲಿ ದೇವರ ಪೀಠ, ಅಲ್ತಾರು, ಸಂಜೆ ಅದರ ಮುಂದೆ ಎಲ್ಲರೂ ಮೊಣಕಾಲೂರಿ ಜಪಮಣಿ ಹಿಡಿದು ತೇರ್ಸ ಹೇಳುತ್ತಾರೆ, ತಮ್ಮ ಅರ್ಧಕ್ಕೇ ನಿದ್ದೆ ಹೋಗುತ್ತಾನೆ, ಅಮ್ಮ ಜಪ ನಿಲ್ಲಿಸದೆಯೇ ಅವನ ಕಿವಿ ಹಿಂಡುತ್ತಾರೆ. ಮೇರಿಮಾತೆಯ ಮೊಂತಿ ಹಬ್ಬಕ್ಕೆ ಹೊಸ ತೆನೆ ತಂದು, ಹೊಸ ಭತ್ತದ ಕಾಳನ್ನು ತೆಂಗಿನ ಹಾಲಿಗೆ ಹಾಕಿ ಎಲ್ಲರಿಗೂ ಹಂಚುತ್ತಾರೆ. ಎಷ್ಟು ಚೆನ್ನಾಗಿ ಹೇಳಿದರೆಂದರೆ ಐಸಮ್ಮ ಕೇಳುತ್ತ ಕೇಳುತ್ತ ಸಂಕ ದಾಟುವವಳಂತೆ ಸೀರೆ ಎತ್ತಿ ಹಿಡಿದಿದ್ದಳು. ಮುಗಿಸಿ, "ಬನ್ನಿ ಒಮ್ಮೆ ಎಲ್ಲರೂ" ಎಂದರು ಬಾಯಮ್ಮ. ಬೀಳ್ಕೊಳ್ಳುವಾಗ ಯಾರಾದರೂ ಹೇಳುವ ಮಾತು.

ನಾವು ಅದನ್ನು ನಿಜವೆಂದೇ ಹಿಡಿದೆವು. ಹಾಲಿನಲ್ಲಿ ಹೇಳಿದ ಮನೆ ಸುಳ್ಳಾಗುವುದಿಲ್ಲ ಎಂಬುದು ನಮ್ಮೊಳಗೆ ಅಷ್ಟು ಕೂತಿತ್ತು. ಒಂದೆರಡು ವಾರ ಬಿಟ್ಟು ಒಂದು ಆದಿತ್ಯವಾರ ಕಲ್ಯಾಣಿ, ಐಸಮ್ಮ ಮತ್ತು ನಾನು ವಾಮಂಜೂರಿಗೆ ಹೊರಟೆವು. ಕಲ್ಯಾಣಿಯ ಕೈಯಲ್ಲಿ ಬಾಳೆಗೊನೆಯ ಒಂದು ಚಿಪ್ಪು, ಐಸಮ್ಮನ ಕೈಯಲ್ಲಿ ಬಾಳೆಲೆಯಲ್ಲಿ ಸುತ್ತಿದ ಪತ್ತಿರ್, ಅವರ ಮನೆಯ ಅಕ್ಕಿರೊಟ್ಟಿ. ದಾರಿಯಲ್ಲಿ ಯಾರನ್ನೂ ಕೇಳಬೇಕಾಗಲಿಲ್ಲ. ಹುಣಿ ಇತ್ತು, ಸಂಕ ಇತ್ತು. ಮೆಟ್ಟಿಲು ಹತ್ತಿದ ಐಸಮ್ಮ ನೇರ ಎಡಕ್ಕೆ ತಿರುಗಿ ಬಾವಿಯ ಕಟ್ಟೆಗೆ ಹೋಗಿ ಕಾಲು ತೊಳೆಯತೊಡಗಿದಳು, ತವರಿಗೆ ಬಂದವಳ ಹಾಗೆ.

ಒಳಗಿನಿಂದ ಬಂದ ನಡುವಯಸ್ಸಿನ ಹೆಂಗಸು ಕಣ್ಣುಬಾಯಿ ಬಿಟ್ಟು ನಿಂತಳು. ಬಾಯಮ್ಮ ಇದ್ದಾರಾ ಎಂದು ಕಲ್ಯಾಣಿ ಕೇಳಿದಳು. ಯಾವ ಬಾಯಮ್ಮ ಎಂದಳು. ಗುರುತು ಹೇಳಿದಾಗ ಅವಳ ಮುಖ ಬದಲಾಯಿತು. ಅವಳು ಬಾಯಮ್ಮನ ತಮ್ಮನ ಹೆಂಡತಿ.

"ಅವರು ಇಲ್ಲಿ ಇಲ್ಲ. ಅತ್ತೆ ತೀರಿದ ವರ್ಷವೇ ಹೋದದ್ದು. ಈಗ ಇವರೂ ಇಲ್ಲ," ಎಂದಳು. ತಮ್ಮನೂ ಸತ್ತಿದ್ದ. ನಾವು ಹೊರಡದೆ ನಿಂತದ್ದನ್ನು ನೋಡಿ ತಾನಾಗಿ ಮುಂದುವರಿಸಿದಳು: "ಹೋಗಿ ಅಂತ ಅವರಿಗೆ ಯಾರೂ ಹೇಳಲಿಲ್ಲ. ಇರಿ ಅಂತಲೂ ಯಾರೂ ಹೇಳಲಿಲ್ಲ. ನಮಗೆ ಮಕ್ಕಳಾಯ್ತು, ಕೋಣೆ ಬೇಕಾಯ್ತು. ಉರ್ವದಲ್ಲಿ ಮಾರ್ಕೆಟಿನ ಹಿಂದೆ ಒಂದು ರೂಮು ಮಾಡಿದ್ದಾರೆ ಅಂತ ಕೇಳಿದ್ದೇನೆ."

ಕೆಟ್ಟ ಹೆಂಗಸಲ್ಲ. ನೀರು ಕೊಟ್ಟಳು, ತಟ್ಟೆಯಲ್ಲಿ ಬೆಲ್ಲ ಕೊಟ್ಟಳು. ಹಲಸಿನ ಮರ ಇರಲಿಲ್ಲ, ಕಡಿದ ಬುಡ ಇತ್ತು. ಬೆಂಚು ಅದೇ ಇರಬೇಕು. ಅದರ ಮೇಲೆ ಭತ್ತದ ಗೋಣಿ ಒಟ್ಟಿದ್ದರು. ಬಾಯಮ್ಮ ನಮ್ಮನ್ನು ಕರೆದೊಯ್ದ ಮನೆಯಲ್ಲಿ ಇದ್ದವರೆಲ್ಲ ಯಾವತ್ತೋ ಸತ್ತವರು. ನಾವು ಹೊರಟಾಗ ಮೆಟ್ಟಿಲಿನವರೆಗೆ ಬಂದಳು. ಗಂಡನ ಅಕ್ಕ ಹೇಗಿದ್ದಾರೆ ಎಂಬ ಒಂದು ಮಾತನ್ನು ಕೇಳುತ್ತಾಳೆಂದು ನಾವು ಮೂವರೂ ಕಾದೆವು. ಕೇಳಲಿಲ್ಲ.

ಬಸ್ಸಿನಲ್ಲಿ ಕಲ್ಯಾಣಿ ಅಳುತ್ತಿದ್ದಳು. ಅವಳ ಮನೆ ಇರುವುದೇ ಉರ್ವದಲ್ಲಿ. ಇಷ್ಟು ವರ್ಷ ನನ್ನ ಕಣ್ಣು ತಪ್ಪಿಸಿ ಹೇಗೆ ಓಡಾಡಿದರು, ಯಾವ ಸಂದಿಯಲ್ಲಿ ಹೋಗಿ ಬರುತ್ತಿದ್ದರು ಎಂದು ಮತ್ತೆ ಮತ್ತೆ ಅನ್ನುತ್ತಿದ್ದಳು. ಮಾರ್ಕೆಟಿನ ಹಿಂದೆ ಒಂದು ಜೀನಸಿನ ಅಂಗಡಿಯವನು ರೂಮು ತೋರಿಸಿದ. ಯಾರದೋ ಮನೆಯ ಹಿಂಭಾಗಕ್ಕೆ ಇಳಿಮಾಡು ಹಾಕಿ ಮಾಡಿದ್ದು.

ಬಾಯಮ್ಮ ಬಾಗಿಲು ತೆರೆದರು, ಪೂರ್ತಿ ಅಲ್ಲ. ನಮ್ಮನ್ನು ನೋಡಿದರು, ಕೆಸರು ಮೆತ್ತಿದ ನಮ್ಮ ಕಾಲು ನೋಡಿದರು. ಎಲ್ಲ ತಿಳಿಯಿತು ಅವರಿಗೆ.

"ಅಲ್ಲಿಗೆ ಹೋದಿರಾ?" ಎಂದರು.

ಕಲ್ಯಾಣಿ ಬಾಳೆಯ ಚಿಪ್ಪನ್ನು ಸೆರಗಿನ ಮರೆಗೆ ಸರಿಸಿದಳು.

"ನಾನು ಮನೆಗೆ ಬನ್ನಿ ಅಂತ ಹೇಳಿದ್ದು. ಇದು ಮನೆ ಅಲ್ಲ ಮಾರಾಯ್ರೆ, ಇದು ರೂಮು." ಒಂದು ಕೈ ಬಾಗಿಲಿನ ಮೇಲೆ, ಇನ್ನೊಂದು ಚೌಕಟ್ಟಿನ ಮೇಲೆ. ಒಳಗೆ ಬನ್ನಿ ಎನ್ನಲಿಲ್ಲ. ಎಷ್ಟೋ ಜನರ ಮನೆಯೊಳಗೆ ನಮ್ಮನ್ನು ಕೈಹಿಡಿದು ಕರೆದುಕೊಂಡುಹೋದ ಹೆಂಗಸು ತಮ್ಮ ಬಾಗಿಲಿಗೆ ಅಡ್ಡ ನಿಂತಿದ್ದರು. ನನಗೆ ಆ ಹೊತ್ತು ಅಲ್ಲಿಂದ ಓಡಿಹೋಗಬೇಕು ಅನಿಸಿತು.

ಆಮೇಲೆ ಅವರೇ ಕೇಳಿದರು. "ಬೆಲ್ಲ ಕೊಟ್ಟಳಾ?"

"ಕೊಟ್ಟರು ಬಾಯಮ್ಮ," ಎಂದಳು ಕಲ್ಯಾಣಿ.

"ಹಲಸು ಬಿಟ್ಟಿದೆಯಾ ಈ ಸಲ?"

ಕಲ್ಯಾಣಿ ನನ್ನ ಕಡೆ ನೋಡಿದಳು. "ಮರ ಕಡಿದಿದ್ದಾರೆ," ಎಂದೆ. ಅವರು ತಲೆಯಾಡಿಸಿದರು. ಮತ್ತೆ ಏನೋ ಕೇಳಲು ಹೊರಟು ನಿಲ್ಲಿಸಿದರು. ಕೊನೆಗೆ ಕೇಳಿಯೇಬಿಟ್ಟರು.

"ಅವಳು... ನನ್ನನ್ನು ಕೇಳಿದಳಾ?"

"ಕೇಳಿದರು," ಎಂದಳು ಐಸಮ್ಮ, ತಡಮಾಡದೆ.

"ಎಂತ ಕೇಳಿದಳು?"

ಐಸಮ್ಮ ಇಷ್ಟಕ್ಕೆ ಸಿದ್ಧಳಾಗಿರಲಿಲ್ಲ. "ನಿಮ್ಮ... ನಿಮ್ಮ ಮೊಣಕಾಲು ನೋವು ಹೇಗುಂಟು ಅಂತ."

ಆ ನೋವು ಬಾಯಮ್ಮನಿಗೆ ಬಂದದ್ದು ಕೊನೆಯ ಎರಡು ಸೀಸನಿನಲ್ಲಿ, ಹಾಲಿನ ಸಿಮೆಂಟು ನೆಲದಲ್ಲಿ ನಡೆದು ನಡೆದು. ವಾಮಂಜೂರಿನವರು ಅವರ ಮುಖ ನೋಡದೆ ಎಷ್ಟೋ ಕಾಲವಾಗಿತ್ತು. ಬಾಯಮ್ಮ ಐಸಮ್ಮನನ್ನು ದಿಟ್ಟಿಸಿದರು.

"ಅದು ಅವಳಿಗೆ ಹೇಗೆ ಗೊತ್ತು?"

ಐಸಮ್ಮ ತಲೆ ತಗ್ಗಿಸಿದಳು. ಕೈಯಲ್ಲಿದ್ದ ಬಾಳೆಲೆಯ ಕಟ್ಟನ್ನು ಎದೆಗೆ ಒತ್ತಿಕೊಂಡು, ಆಮೇಲೆ ತಲೆ ಎತ್ತಿ ಹೇಳಿದಳು.

"ಅವರಿಗೆ ಗೊತ್ತಿಲ್ಲ ಬಾಯಮ್ಮ. ನಮಗೆ ಗೊತ್ತುಂಟು."

ಬಾಯಮ್ಮನ ಕೈ ಚೌಕಟ್ಟಿನಿಂದ ಕೆಳಗಿಳಿಯಿತು. ಅವರು ಬಾಗಿಲಿನಿಂದ ಸರಿದರು. ನಾವು ಒಳಗೆ ಹೋದೆವು. ಒಂದು ಮಂಚ, ಒಂದು ಸೀಮೆಎಣ್ಣೆಯ ಸ್ಟವ್ವು. ನಾಲ್ಕು ಜನ ಕೂರುವಷ್ಟು ಜಾಗ ಅಲ್ಲಿರಲಿಲ್ಲ. ನಾವು ನಿಂತೇ ಪತ್ತಿರ್ ತಿಂದೆವು.